ಗೆರೆಯಕ್ಕನ ಮುಕ್ಕಾಲು ಸೆಂಟಿಮೀಟರು

ಗೆರೆಯಕ್ಕನ ಮುತ್ತಜ್ಜನನ್ನು ಜನ ಕೂಗಜ್ಜ ಎಂದು ಕರೆಯುತ್ತಿದ್ದರು. ಪಾಳುಬಿದ್ದ ಬಾವಿಯ ಕಟ್ಟೆಯ ಮೇಲೆ ಬೋರಲು ಮಲಗಿ, ಒಳಕ್ಕೆ ಒಂದು ಕೂಗು ಹಾಕಿ, ಅದು ತಿರುಗಿ ಬರುವುದನ್ನು ಕಿವಿಗೊಟ್ಟು ಕೇಳಿ, ನೀರು ಎಷ್ಟು ಆಳುದ್ದ ಕೆಳಗಿದೆ ಎಂದು ಹೇಳುವುದು ಅವನ ಕಸುಬು. ಒಮ್ಮೆ ಒಂಬತ್ತು ಆಳು ಎಂದ. ಬಾವಿಯವರು ಒಂಬತ್ತಕ್ಕೆ ಸರಿಯಾಗಿ ಹಗ್ಗ ತಂದರು. ಕೊಡ ಗಾಳಿಯಲ್ಲಿ ತೂಗಾಡಿತು. ನೀರಿದ್ದದ್ದು ಹನ್ನೊಂದು ಆಳಿನಲ್ಲಿ. ಆ ದಿನ ಅವನಿಗೆ ನೆಗಡಿಯಾಗಿತ್ತು ಎಂದು ಅವನ ಮನೆಯವರು ಈಗಲೂ ಹೇಳುತ್ತಾರೆ. ಕೂಗಜ್ಜ ಮಾತ್ರ ನೆಗಡಿಯ ಸುದ್ದಿಯನ್ನೇ ಎತ್ತಲಿಲ್ಲ. ಯಾರೂ ಕೇಳುವ ಮೊದಲೇ ನಾರು ತಂದು ಬಾವಿಕಟ್ಟೆಯ ಮೇಲೆ ಕೂತು ಎರಡು ಆಳು ಹಗ್ಗ ಹೊಸೆದ. ಹೆಂಡತಿ ಕೈಹಾಕಲು ಬಂದರೆ ಕೈ ತಳ್ಳಿದನಂತೆ.

ಅವನ ಮಗ ಕೋಲಜ್ಜ. ದೊಡ್ಡ ಕೆರೆಯ ತೂಬಿನ ಹತ್ತಿರ ನಿಲ್ಲಿಸಿದ್ದ ಅಳತೆಗೋಲನ್ನು ದಿನಾ ಬೆಳಿಗ್ಗೆ ಓದಿ ಪುಸ್ತಕದಲ್ಲಿ ಬರೆಯುವುದು ಅವನ ನೌಕರಿ. ಒಂದು ವರ್ಷ ನೀರು ಏರಿ ಕೋಲೇ ಮುಳುಗಿತು. ಮೂರು ದಿನವೂ ಆತ "ಕೋಲು ಕಾಣಲಿಲ್ಲ" ಎಂದೇ ಬರೆದ. ಮೇಲಧಿಕಾರಿ ಬಂದು, ಅಂದಾಜಿಗೆ ಒಂದು ಅಂಕಿ ಹಾಕಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಕೂಗಾಡಿದ. ಕಂಡಿದ್ದರೆ ಹಾಕುತ್ತಿದ್ದೆ ಎಂದು ಕೋಲಜ್ಜ ಹೇಳಿದ. ಆ ಪುಟ ಹಾಗೆಯೇ ಉಳಿಯಿತು, ಕೋಲಜ್ಜನಿಗೆ ಬರಬೇಕಿದ್ದ ಬಡ್ತಿಯೂ ಇದ್ದಲ್ಲೇ ಉಳಿಯಿತು.

ಕೋಲಜ್ಜನ ಮಗಳೇ ಗೆರೆಯಕ್ಕನ ತಾಯಿ. ಹೊಲಿಗೆ ಅಂಗಡಿ ಇಟ್ಟಿದ್ದಳು. ವರ್ಷದ ಮೊದಲ ದಿನ ಅಂಗಡಿಯ ಬಾಗಿಲು ತೆಗೆದ ಕೂಡಲೇ ಆಕೆ ಮಾಡುತ್ತಿದ್ದ ಮೊದಲ ಕೆಲಸ, ಹಳೆಯ ಅಳತೆ ಟೇಪನ್ನು ಕತ್ತರಿಯಿಂದ ತುಂಡು ತುಂಡು ಮಾಡಿ ಬುಟ್ಟಿಗೆ ಎಸೆದು ಹೊಸದನ್ನು ಕೊರಳಿಗೆ ಹಾಕಿಕೊಳ್ಳುವುದು. ಗಿರಾಕಿ ದಪ್ಪಗಾದರೆ ನನ್ನ ತಪ್ಪಲ್ಲ, ಟೇಪು ಉದ್ದವಾದರೆ ನನ್ನ ತಪ್ಪು ಎನ್ನುತ್ತಿದ್ದಳು. ತಂದೆಯ ವಿಷಯದಲ್ಲಿ ಹೇಳುವಂಥದ್ದು ಹೆಚ್ಚೇನಿಲ್ಲ. ಆತ ಚೆನ್ನಾಗಿ ನಿದ್ದೆ ಮಾಡುತ್ತಿದ್ದ.

ಇಂಥವರ ಹೊಟ್ಟೆಯಲ್ಲಿ ಹುಟ್ಟಿದ ಗೆರೆಯಕ್ಕ ಮೂವತ್ತನೆಯ ವಯಸ್ಸಿನ ತನಕ ತಾಯಿಯ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದಳು. ಆಮೇಲೆ ಅಂಗಡಿಯನ್ನು ತಂಗಿಗೆ ಬಿಟ್ಟು ನಮ್ಮ ಕೇಂದ್ರಕ್ಕೆ ಬಂದಳು. ಕೇಂದ್ರ ಎಂದರೆ ಊರಾಚೆ, ಇಟ್ಟಿಗೆ ಗೂಡುಗಳನ್ನು ದಾಟಿದ ಮೇಲೆ ಸಿಗುವ ಮೂರು ಕೋಣೆಯ ತಗ್ಗು ಕಟ್ಟಡ. ಅದರ ಹಿಂದೆ ಎರಡು ಎತ್ತರದ ಕಬ್ಬಿಣದ ಕಂಬ, ಕಂಬದಿಂದ ಕಂಬಕ್ಕೆ ಇಳಿಬಿಟ್ಟ ತಂತಿ. ಆ ಕಂಬ, ಆ ತಂತಿ ನನ್ನವು. ಹತ್ತುವುದು, ಬಿಗಿಯುವುದು, ಬಣ್ಣ ಬಳಿಯುವುದು, ಹಕ್ಕಿಗೂಡು ಇಳಿಸುವುದು, ಎಲ್ಲ ನಾನೇ. ಶಾಲೆಯಲ್ಲಿ ನಾನು ಕಂಡದ್ದು ನಾಲ್ಕೇ ತರಗತಿ. ಉಳಿದದ್ದನ್ನು ಯಂತ್ರದ ಜೊತೆ ಬಂದ ಪುಸ್ತಕದಿಂದ, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ಮೂರು ವರ್ಷದಲ್ಲಿ ಕಲಿತೆ. ಆದ್ದರಿಂದ ಇಲ್ಲಿ ನಾನು ಹೇಳುವುದನ್ನು ಧೈರ್ಯವಾಗಿ ನಂಬಬಹುದು.

ಕೂಗಜ್ಜ ಬಾವಿಯೊಳಕ್ಕೆ ಕೂಗಿದ, ನಮ್ಮ ಯಂತ್ರ ಆಕಾಶಕ್ಕೆ ಕೂಗುತ್ತಿತ್ತು. ಇಷ್ಟೇ ವ್ಯತ್ಯಾಸ. ನೆಲದಿಂದ ಮೇಲೆ ನೂರಾರು ಕಿಲೋಮೀಟರು ಎತ್ತರದಲ್ಲಿ ಗಾಳಿ ಬಹಳ ತೆಳು. ಅಲ್ಲಿ ಬಿಸಿಲಿನ ಹೊಡೆತಕ್ಕೆ ಗಾಳಿಯ ಅಣುಗಳಿಂದ ಎಲೆಕ್ಟ್ರಾನುಗಳು ಕಿತ್ತುಬಂದು ಮೋಡದ ಹಾಗೆ ತೇಲುತ್ತಿರುತ್ತವೆ. ಅಯಾನುಗೋಳ ಎಂದು ಅದಕ್ಕೆ ಹೆಸರು. ಯಂತ್ರ ಗಂಟೆಗೊಮ್ಮೆ ರೇಡಿಯೋ ಅಲೆಯನ್ನು ತಗ್ಗು ಶ್ರುತಿಯಿಂದ ಶುರುಮಾಡಿ ಮೇಲು ಶ್ರುತಿಯ ತನಕ ಏರಿಸುತ್ತಾ ನೆಟ್ಟಗೆ ಮೇಲಕ್ಕೆ ಕಳಿಸುತ್ತದೆ. ತಗ್ಗಿನ ಶ್ರುತಿ ಎಲೆಕ್ಟ್ರಾನು ಕಡಿಮೆ ಇರುವಲ್ಲೇ ಬಡಿದು ವಾಪಸು ಬರುತ್ತದೆ. ಶ್ರುತಿ ಏರಿದ ಹಾಗೆಲ್ಲ ಹೆಚ್ಚು ದಟ್ಟಣೆ ಬೇಕು, ಆದ್ದರಿಂದ ಅದು ಇನ್ನೂ ಮೇಲಕ್ಕೆ ಹೋಗಿ ತಿರುಗುತ್ತದೆ. ಕೊನೆಗೆ ಒಂದು ಶ್ರುತಿ ಎಲ್ಲವನ್ನೂ ತೂರಿಕೊಂಡು ಆಚೆ ಹೋಗಿಬಿಡುತ್ತದೆ, ಬರುವುದೇ ಇಲ್ಲ. ತಿರುಗಿ ಬಂದ ಕೊನೆಯ ಶ್ರುತಿ ಯಾವುದು ಎಂದು ಗೊತ್ತಾದರೆ ಸಾಕು. ಆ ಅಂಕಿಯನ್ನು ಅದರಿಂದಲೇ ಗುಣಿಸಿ, ಇನ್ನೊಂದು ಗೊತ್ತಾದ ಅಂಕಿಯಿಂದ ಗುಣಿಸಿದರೆ ಮೇಲೆ ಎಲೆಕ್ಟ್ರಾನು ಎಷ್ಟು ದಟ್ಟವಾಗಿದೆ ಎಂಬ ಲೆಕ್ಕ ಬಂತು. ಏಳೂ ದಶಾಂಶ ನಾಲ್ಕು ಮೆಗಾಹರ್ಟ್ಸ್ ಎಂದು ಓದಿದರೆ, ಒಂದು ಘನ ಸೆಂಟಿಮೀಟರು, ಎಂದರೆ ಸಣ್ಣ ಸಕ್ಕರೆ ಅಚ್ಚಿನಷ್ಟು ಜಾಗದಲ್ಲಿ ಸುಮಾರು ಆರು ಲಕ್ಷ ಎಂಬತ್ತು ಸಾವಿರ ಎಲೆಕ್ಟ್ರಾನು.

ಈ ಕೂಗು, ಮಾರುತ್ತರ ಎಲ್ಲ ಸೇರಿ ಫಿಲ್ಮಿನ ಮೇಲೆ ಒಂದು ಗೆರೆಯಾಗಿ ಬೀಳುತ್ತದೆ. ಗೆರೆ ಎಡದಿಂದ ಬಲಕ್ಕೆ ಮೆಲ್ಲನೆ ಹತ್ತಿ, ಕೊನೆಯಲ್ಲಿ ಬೆಕ್ಕಿನ ಬಾಲದ ಹಾಗೆ ನೆಟ್ಟಗೆ ಎದ್ದು ನಿಲ್ಲುತ್ತದೆ. ಬಾಲ ಎದ್ದ ಜಾಗವೇ ಓದಬೇಕಾದ ಜಾಗ. ಭೂಮಿಯ ಕಾಂತಶಕ್ತಿ ಗೆರೆಯನ್ನು ಸೀಳುವುದರಿಂದ ಬಾಲ ಎರಡಿರುತ್ತದೆ, ಓದಬೇಕಾದ್ದು ಎಡಗಡೆಯದು. ಹೊಸಬರೆಲ್ಲ ಬಲಗಡೆಯದನ್ನು ಓದಿ ಬೈಸಿಕೊಳ್ಳುತ್ತಾರೆ. ಗೆರೆಯಕ್ಕ ಮೊದಲ ದಿನವೇ ಎಡಗಡೆಯದನ್ನು ಓದಿದಳು. ಹೇಗೆ ಗೊತ್ತಾಯಿತು ಎಂದು ಕೇಳಿದರೆ, ಪುಸ್ತಕದಲ್ಲಿ ಬರೆದಿದೆಯಲ್ಲ ಎಂದಳು. ನನಗೆ ಆಕೆಯ ಮೇಲೆ ಗೌರವ ಹುಟ್ಟಿದ್ದು ಅಲ್ಲಿಂದ. ನನಗಿಂತ ಎರಡು ತಿಂಗಳಿಗೆ ಚಿಕ್ಕವಳು, ಆದರೂ ಎಲ್ಲರಂತೆ ನಾನೂ ಅಕ್ಕ ಎಂದೇ ಕರೆದೆ. ಆಕೆ ನನ್ನನ್ನು ಕಂಬದಣ್ಣ ಎಂದಳು.

ಆಕೆಯ ಕೋಣೆ ಮೂರನೆಯದು. ಕಿಟಕಿಗೆ ಕಪ್ಪು ಬಟ್ಟೆ, ನಡುವೆ ಒಂದು ಮೇಜು. ಮೇಲಿನ ದೀಪದ ಪೆಟ್ಟಿಗೆಯಿಂದ ಫಿಲ್ಮಿನ ಚಿತ್ರ ದೊಡ್ಡದಾಗಿ ಮೇಜಿನ ಮೇಲಿನ ಬಿಳಿ ಹಾಳೆಗೆ ಬೀಳುತ್ತಿತ್ತು. ದಿನಕ್ಕೆ ಇಪ್ಪತ್ತನಾಲ್ಕು ಚಿತ್ರ. ಒಂದೊಂದಕ್ಕೂ ಒಂದೊಂದು ಅಂಕಿ. ಓದಲು ಆಗದಿದ್ದರೆ ಅಂದಾಜು ಬರೆಯುವ ಹಾಗಿಲ್ಲ, ಏಕೆ ಆಗಲಿಲ್ಲ ಎಂಬುದಕ್ಕೆ ಒಂದು ಅಕ್ಷರ ಬರೆಯಬೇಕು. ಇದು ಜಗತ್ತಿನ ಎಲ್ಲ ಕೇಂದ್ರಗಳಿಗೂ ಒಂದೇ ಕಟ್ಟಳೆ. ಯಂತ್ರ ಕೆಟ್ಟಿತ್ತು ಎನ್ನಲು ಒಂದು ಅಕ್ಷರ, ಗೆರೆ ಹರಡಿಕೊಂಡಿತ್ತು ಎನ್ನಲು ಇನ್ನೊಂದು, ಕೆಳಗಿನ ಪದರ ಮೇಲಿನದನ್ನು ಮರೆಮಾಡಿತ್ತು ಎನ್ನಲು ಮತ್ತೊಂದು. ಕೋಲಜ್ಜನ ಮೊಮ್ಮಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ಕೋಲು ಕಾಣಲಿಲ್ಲ ಎಂದು ಬರೆಯಲು ಸರ್ಕಾರವೇ ಅಕ್ಷರ ಕೊಟ್ಟಿದೆ, ನಮ್ಮಜ್ಜನಿಗೆ ಈ ಭಾಗ್ಯ ಇರಲಿಲ್ಲ ಎಂದು ಒಮ್ಮೆ ಹೇಳಿದಳು.

ಮೊದಲ ಹನ್ನೊಂದು ವರ್ಷ ಯಂತ್ರವೇ ಪ್ರತಿ ಚಿತ್ರದ ಮೇಲೂ ಸಣ್ಣ ನಿಲುವು ಗೆರೆಗಳನ್ನು ಹಾಕಿಕೊಡುತ್ತಿತ್ತು. ಒಂದು ಮೆಗಾಹರ್ಟ್ಸ್, ಎರಡು, ಮೂರು, ಹೀಗೆ ದಾರಿಯ ಮೈಲಿಗಲ್ಲಿನ ಹಾಗೆ. ಬಾಲ ಎರಡು ಮೈಲಿಗಲ್ಲುಗಳ ನಡುವೆ ಎಲ್ಲಿ ಎದ್ದಿದೆ ಎಂದು ನೋಡಿದರೆ ಆಯಿತು. ಹನ್ನೆರಡನೆಯ ವರ್ಷ ಆ ಗೆರೆ ಹಾಕುವ ಪೆಟ್ಟಿಗೆ ಕೆಟ್ಟಿತು. ಅದರ ಬಿಡಿಭಾಗ ಮಾಡುತ್ತಿದ್ದವರು ಮಾಡುವುದನ್ನು ನಿಲ್ಲಿಸಿದ್ದರು. ನಾನು ಬಿಚ್ಚಿ ತಟ್ಟಿ ಬೆಸುಗೆ ಹಾಕಿ ಮೊದಲನೆಯ ಗೆರೆಯೊಂದನ್ನು ಉಳಿಸಿಕೊಟ್ಟೆ. ಉಳಿದವು ಹೋದವು. ಮುಖ್ಯ ಕಚೇರಿಗೆ ಬರೆದೆವು. ಅಲ್ಲಿಂದ ಸೆಲ್ಯುಲಾಯ್ಡಿನ ಒಂದು ಪಾರದರ್ಶಕ ಪಟ್ಟಿ ಬಂತು, ಅದರ ಮೇಲೆ ಗೆರೆ, ಅಂಕಿ ಎಲ್ಲ ಅಚ್ಚಾಗಿದ್ದವು. ಮೊದಲ ಗೆರೆಯ ಮೇಲೆ ಮೊದಲ ಗೆರೆ ಕೂರಿಸಿ ಉಳಿದದ್ದನ್ನು ಪಟ್ಟಿಯಲ್ಲಿ ಓದಿಕೊಳ್ಳಿ ಎಂದು ಜೊತೆಗೆ ಕಾಗದ. ಗೆರೆಯಕ್ಕ ಸುಮ್ಮನೆ ನಂಬುವ ಪೈಕಿ ಅಲ್ಲ. ಹಳೆಯ ಫಿಲ್ಮೊಂದನ್ನು ದೀಪಕ್ಕೆ ಹಾಕಿ ಅದರ ಮೈಲಿಗಲ್ಲುಗಳ ಮೇಲೆ ಪಟ್ಟಿಯಿಟ್ಟು ನೋಡಿದಳು. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಸರಿಯಾಗಿದೆ ಎಂದು ಅಂದೇ ಪುಸ್ತಕದಲ್ಲಿ ಬರೆದು ರುಜು ಹಾಕಿದಳು. ಮೊದಲ ದಿನ ನೋಡಿದ್ದನ್ನು ಇನ್ನೊಂದು ದಿನವೂ ನೋಡಬೇಕು ಎಂದು ಆಕೆಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಹದಿನೆಂಟು ವರ್ಷ ಆ ಪಟ್ಟಿಯ ಮೇಲೆ ದೀಪದ ಬಿಸಿ ಬಿತ್ತು.

ನಡುವೆ ಮುಖ್ಯ ಕಚೇರಿಯಿಂದ ಒಬ್ಬ ಸಂಶೋಧಕ ಬಂದ. ಆಗಿನ್ನೂ ಹುಡುಗು ಮುಖ. ಗೆರೆಯಕ್ಕನ ಅಂಕಿಗಳನ್ನು ಚೀಲ ತುಂಬ ನಕಲು ಮಾಡಿಕೊಂಡು ಹೋದ. ಸೂರ್ಯ ಹನ್ನೊಂದು ವರ್ಷಕ್ಕೊಮ್ಮೆ ಉರಿದು ತಣ್ಣಗಾಗುತ್ತಾನೆ, ಅದರಂತೆ ಎಲೆಕ್ಟ್ರಾನುಗಳೂ ಏರಿಳಿಯುತ್ತವೆ. ಆ ಏರಿಳಿತವನ್ನು ಕಳೆದ ಮೇಲೂ ನಮ್ಮ ಊರಿನ ನೆತ್ತಿಯ ಮೇಲಿನ ಅಯಾನುಗೋಳ ವರ್ಷದಿಂದ ವರ್ಷಕ್ಕೆ ಒಂದೇ ಸಮನೆ ದಟ್ಟವಾಗುತ್ತಿದೆ ಎಂದು ಅವನು ಕಂಡುಹಿಡಿದ. ಬೇರೆ ಎಲ್ಲೂ ಹಾಗಾಗುತ್ತಿರಲಿಲ್ಲ. ಪ್ರಬಂಧ ಬರೆದು ಡಾಕ್ಟರಾದ. ಕಾಯಿಲೆ ನೋಡುವ ಡಾಕ್ಟರಲ್ಲ ಎಂದು ಗೊತ್ತಾಗುವ ತನಕ ನಮ್ಮ ಕಾವಲುಗಾರ ಅವನಿಗೆ ತನ್ನ ಮೊಣಕಾಲು ತೋರಿಸುತ್ತಿದ್ದ. ಆಮೇಲೆ ವರ್ಷ ವರ್ಷವೂ ಹೊಸ ಅಂಕಿ ಸೇರಿಸುತ್ತಾ ಹೋದರು ಡಾಕ್ಟರು. ಕಡೆಯ ಲೆಕ್ಕದಲ್ಲಿ ದಟ್ಟಣೆ ನೂರಕ್ಕೆ ಎರಡೂವರೆಯಷ್ಟು ಏರಿತ್ತು. ದೂರದೂರದಿಂದ ಜನ ಬಂದು ನಮ್ಮ ಕಂಬಗಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ತಲೆಯೆತ್ತಿ ಆಕಾಶ ನೋಡಿ ಹೋದರು. ನೋಡಲು ಅಲ್ಲಿ ಏನೂ ಇರಲಿಲ್ಲ. ನಾನು ಮಾತ್ರ ಕಂಬಕ್ಕೆ ಎರಡು ಸಲ ಬಣ್ಣ ಬಳಿದೆ.

ಗೆರೆಯಕ್ಕನ ನಿವೃತ್ತಿಗೆ ಐದು ತಿಂಗಳಿದ್ದಾಗ ಮೂರು ಸುದ್ದಿ ಒಟ್ಟಿಗೆ ಬಂದವು. ತಾನೇ ಕೂಗಿ ತಾನೇ ಗೆರೆ ಓದಿಕೊಳ್ಳುವ ಹೊಸ ಯಂತ್ರ ಬರುತ್ತದೆ. ಹಳೆಯ ಅಂಕಿಗಳೆಲ್ಲ ಜಗತ್ತಿನ ಕೇಂದ್ರಗಳ ಅಂಕಿಗಳ ಜೊತೆ ಸೇರಿ ಒಂದು ಮಹಾಸಂಪುಟವಾಗಿ ಅಚ್ಚಾಗುತ್ತವೆ, ಗೆರೆಯಕ್ಕನ ಇಪ್ಪತ್ತೊಂಬತ್ತು ವರ್ಷದ ಅಂಕಣಗಳೂ ಅದರಲ್ಲಿ ಇರುತ್ತವೆ. ಮೂರನೆಯದಾಗಿ, ಆಕೆಯ ಸೆಲ್ಯುಲಾಯ್ಡ್ ಪಟ್ಟಿಯನ್ನು ಮುಖ್ಯ ಕಚೇರಿಯ ಹೊಸಿಲ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ಇದು ಡಾಕ್ಟರ ಯೋಚನೆ. ಈಗ ಅವರು ಅಲ್ಲಿ ದೊಡ್ಡ ಕುರ್ಚಿಯಲ್ಲಿದ್ದರು.

ಗಾಜಿನ ಪೆಟ್ಟಿಗೆಗೆ ಹೋಗುವ ಪಟ್ಟಿಯನ್ನು ಹಾಳೆಯಲ್ಲಿ ಸುತ್ತಿ ಕಳಿಸಲು ಗೆರೆಯಕ್ಕನಿಗೆ ಮನಸ್ಸಾಗಲಿಲ್ಲ. ತಂಗಿಗೆ ಒಂದು ಚೀಲ ಹೊಲಿಯಲು ಹೇಳಿದಳು. ಉದ್ದ ಎಷ್ಟು ಎಂದು ತಂಗಿ ಕೇಳಿದಳು. ಪಟ್ಟಿಯ ಅಂಚಿನಲ್ಲೇ ಐವತ್ತು ಸೆಂಟಿಮೀಟರು ಎಂದು ಅಚ್ಚಾಗಿತ್ತು, ಅದನ್ನೇ ಹೇಳಿದಳು. ತಂಗಿ ದಪ್ಪ ಬಟ್ಟೆಯಲ್ಲಿ, ಒಳಗೆ ಮೆತ್ತನೆಯ ಅಸ್ತರಿ ಕೊಟ್ಟು, ಕೈಗೆ ಗವಸು ಕೂತ ಹಾಗೆ ಬಿಗಿಯಾಗಿ ಕೂರುವ ಚೀಲ ಹೊಲಿದು ತಾನೇ ಕೇಂದ್ರಕ್ಕೆ ತಂದಳು. ಪಟ್ಟಿಯನ್ನು ಒಳಗಿಟ್ಟರೆ ಅದು ಹಿಂದಕ್ಕೂ ಮುಂದಕ್ಕೂ ಜಾರಿತು.

ಗೆರೆಯಕ್ಕ, ಪರವಾಗಿಲ್ಲ, ಸ್ವಲ್ಪ ಸಡಿಲವಾಗಿದೆ ಎಂದಳು. ಅಷ್ಟು ಹೇಳಬಾರದಿತ್ತು.

"ಸಡಿಲ ಅಂದ್ರೆ ಏನಕ್ಕ ಅರ್ಥ?" ಎಂದಳು ತಂಗಿ.

"ಸಡಿಲ ಅಂದ್ರೆ ಸಡಿಲ. ಯಾರೇನೂ ಅನ್ನಲ್ಲ ಬಿಡು."

"ಯಾರೂ ಅನ್ನದೆ ಇರಬೋದು, ನಾನು ಅನ್ಕೋತೀನಲ್ಲ. ಮೂವತ್ತು ವರ್ಷದಿಂದ ನನ್ನ ಹೊಲಿಗೆ ಸಡಿಲ ಅಂದವರು ಯಾರೂ ಇಲ್ಲ, ನಮ್ಮ ಮನೆಯವರ ಬಿಟ್ಟು. ಅವರಿಗೆ ಊಟ ಸೇರ್ತಿರಲಿಲ್ಲ."

ಹೀಗೆಂದು ಕೊರಳಿನ ಟೇಪು ತೆಗೆದು ಚೀಲವನ್ನು ಅಳೆದಳು. ಚೀಲ ಸರಿಯಾಗಿತ್ತು. ಟೇಪಿನ ಮೇಲೆ ಅನುಮಾನ ಬೇಡವೆಂದು ನನ್ನ ಕೈಯಿಂದ ಉಕ್ಕಿನ ಅಳತೆಪಟ್ಟಿ ಇಸಿದುಕೊಂಡು ಇನ್ನೊಮ್ಮೆ ಅಳೆದಳು. ಆಗಲೂ ಚೀಲ ಸರಿಯಾಗಿತ್ತು. ಆಮೇಲೆ ಸೆಲ್ಯುಲಾಯ್ಡ್ ಪಟ್ಟಿಯನ್ನು ಅಳೆದಳು. ನಲವತ್ತೊಂಬತ್ತೂ ಕಾಲು.

"ಅಕ್ಕ, ಮುಕ್ಕಾಲು ಸೆಂಟಿಮೀಟರು ನಿನ್ನ ಕಡೆಯಿಂದ ಕಮ್ಮಿ" ಎಂದು ತಂಗಿ ಸಮಾಧಾನವಾಗಿ ಹೇಳಿದಳು. ಗೆದ್ದವರ ಸಮಾಧಾನ ಅದು. ಗೆರೆಯಕ್ಕನ ಮುಖ ನೋಡಿ ಆ ಸಮಾಧಾನ ಇಳಿಯಿತು.

ಗೆರೆಯಕ್ಕ ಕಪಾಟಿನಿಂದ ಹಳೆಯ ಫಿಲ್ಮಿನ ಸುರುಳಿ ತೆಗೆದಳು, ಹದಿನೆಂಟು ವರ್ಷದ ಹಿಂದೆ ಪಟ್ಟಿಯನ್ನು ಪರೀಕ್ಷೆ ಮಾಡಿದ್ದ ಅದೇ ಸುರುಳಿ. ದೀಪಕ್ಕೆ ಹಾಕಿ ಪಟ್ಟಿಯನ್ನು ಮೈಲಿಗಲ್ಲುಗಳ ಮೇಲೆ ಇಟ್ಟಳು. ಮೊದಲನೆಯದು ಕೂತಿತು. ಎರಡನೆಯದು ಒಂದು ಎಳೆ ಈಚೆಗೆ. ಮುಂದೆ ಹೋದ ಹಾಗೆ ಎಳೆ ದಾರವಾಯಿತು, ದಾರ ಹುರಿಯಾಯಿತು. ಪಟ್ಟಿ ಕುಗ್ಗಿದರೆ ಬಾಲ ಇದ್ದಲ್ಲೇ ಇದ್ದರೂ ಅಂಕಿ ಹೆಚ್ಚಾಗಿ ಕಾಣುತ್ತದೆ. ಏಳೂ ದಶಾಂಶ ಮೂರು ಇದ್ದದ್ದು ಏಳೂ ದಶಾಂಶ ನಾಲ್ಕು ಎನ್ನಿಸುತ್ತದೆ. ಅದನ್ನು ಅದರಿಂದಲೇ ಗುಣಿಸಿದಾಗ ತಪ್ಪೂ ಇಮ್ಮಡಿಯಾಗುತ್ತದೆ, ಮೊದಲ ಗೆರೆಯಲ್ಲಿ ತಪ್ಪಿಲ್ಲದ್ದರಿಂದ ನೂರಕ್ಕೆ ಮೂರನ್ನು ಮುಟ್ಟುವುದಿಲ್ಲ, ಅಷ್ಟೇ. ಆಕೆ ಹಾಳೆಯ ಮೂಲೆಯಲ್ಲಿ ಲೆಕ್ಕ ಹಾಕಿದಳು. ಎರಡು ಸಲ ಹಾಕಿದಳು.

"ಕಂಬದಣ್ಣ, ಸಕ್ಕರೆ ಅಚ್ಚಿನಷ್ಟು ಜಾಗದಲ್ಲಿ ಹದಿನೇಳೂವರೆ ಸಾವಿರ ಸುಳ್ಳು ಹೇಳಿದೀನಿ" ಎಂದಳು.

ತಂಗಿ ಚೀಲವನ್ನು ಕೈಯಲ್ಲಿ ಹಿಡಿದುಕೊಂಡು, ಬೇಕಾದರೆ ಒಂದು ಮಡಿಕೆ ಒಳಕ್ಕೆ ಹಿಡಿದು ಚಿಕ್ಕದು ಮಾಡುತ್ತೇನೆ ಎಂದಳು. ಹೊರಡುವಾಗ ಆಕೆ ಬಾಗಿಲಲ್ಲಿ ನಿಂತು, ಅಮ್ಮ ಪ್ರತಿ ವರ್ಷ ಟೇಪು ಕತ್ತರಿಸುತ್ತಿದ್ದಳಲ್ಲ ಎಂದಳು. ಬಟ್ಟೆಯ ಟೇಪು ಎಳೆದಾಡಿ ಉದ್ದವಾಗುತ್ತೆ ಅಂತ ಗೊತ್ತಿತ್ತು, ಇದು ಬಟ್ಟೆ ಅಲ್ಲವಲ್ಲ ಅಂದುಕೊಂಡಿದ್ದೆ ಎಂದು ಗೆರೆಯಕ್ಕ ಹೇಳಿದಳು. ಅದಕ್ಕಿಂತ ಹೆಚ್ಚು ಆಕೆ ತನ್ನ ಪರವಾಗಿ ಏನನ್ನೂ ಹೇಳಿಕೊಂಡದ್ದನ್ನು ನಾನು ಕೇಳಿಲ್ಲ.

ಮರುದಿನವೇ ಮುಖ್ಯ ಕಚೇರಿಗೆ ಕಾಗದ ಹೋಯಿತು. ನಾಲ್ಕು ಸಾಲು. ಪಟ್ಟಿ ಕುಗ್ಗಿದೆ. ಹದಿನೆಂಟು ವರ್ಷದ ಅಂಕಿಗಳು ಸರಿಯಿಲ್ಲ. ನೋಡಿಕೊಳ್ಳಬೇಕಾದವಳು ನಾನು. ಗಾಜಿನ ಪೆಟ್ಟಿಗೆ ಬೇಡ.

ಕಚೇರಿಯ ಕಟ್ಟಳೆ ನನಗೆ ಗೊತ್ತಿತ್ತು. ಅನುಮಾನ ಬಿದ್ದ ಅಂಕಣವನ್ನು ಮಹಾಸಂಪುಟಕ್ಕೆ ಹಾಕುವುದಿಲ್ಲ, ಜಾಗ ಖಾಲಿ ಬಿಡುತ್ತಾರೆ. ಹಾಗೆ ಆಗಿದ್ದರೆ ಹದಿನೆಂಟು ವರ್ಷ ನಮ್ಮ ಊರಿನಿಂದ ಯಾರೂ ಮೇಲಕ್ಕೆ ನೋಡಲೇ ಇಲ್ಲ ಎಂದಾಗುತ್ತಿತ್ತು. ಜ್ವರ ಬಂದ ದಿನವೂ ಹೆಗಲಿಗೆ ಶಾಲು ಹೊದ್ದು ಬಂದು ಕೂತವಳು ಆಕೆ. ತಾಯಿ ಸತ್ತ ಮೂರನೆಯ ದಿನ ಬಂದು ಹಿಂದಿನ ಎರಡು ದಿನದ ನಲವತ್ತೆಂಟು ಚಿತ್ರ ಓದಿ ಮುಗಿಸಿದವಳು. ಅದೆಲ್ಲ ಬಿಳಿ ಹಾಳೆಯಾಗುವುದರಲ್ಲಿತ್ತು.

ಹತ್ತನೆಯ ದಿನ ಡಾಕ್ಟರು ಬಂದರು. ಹಿಂದೆಲ್ಲ ಬಂದಾಗ ಮೊದಲು ಕಂಬ ನೋಡುತ್ತಿದ್ದರು, ಈ ಸಲ ನೆಟ್ಟಗೆ ಮೂರನೆಯ ಕೋಣೆಗೆ ಹೋದರು. ನಾನು ದೀಪದ ತಂತಿ ಸರಿಮಾಡುವ ನೆಪದಲ್ಲಿ ಅಲ್ಲೇ ಇದ್ದೆ. ತಂತಿ ಸರಿಯಾಗಿಯೇ ಇತ್ತು. ಡಾಕ್ಟರು ಕುರ್ಚಿ ಎಳೆದುಕೊಂಡು ಕೂತು, ಕಾಗದವನ್ನು ತಾವೊಬ್ಬರೇ ಓದಿದ್ದಾಗಿ, ಇನ್ನೂ ಯಾವ ಕಡತಕ್ಕೂ ಸೇರಿಸಿಲ್ಲವೆಂದು ಮೆಲ್ಲಗೆ ಹೇಳಿದರು.

"ಅಮ್ಮ, ಒಂದೂವರೆ ಪರ್ಸೆಂಟು ಪಟ್ಟಿ ಕುಗ್ಗೋದು ಒಂದು ದೊಡ್ಡ ವಿಷಯಾನಾ? ಗಾಳಿಯಲ್ಲಿ ತೇವ ಕಮ್ಮಿಯಾದರೂ ಅಷ್ಟು ಆಗುತ್ತೆ."

"ಪಟ್ಟಿ ಒಂದೂವರೆ ಕುಗ್ಗಿದ್ರೆ ಎಲೆಕ್ಟ್ರಾನು ಎರಡೂವರೆ ಏರುತ್ತೆ ಸಾರ್" ಎಂದಳು ಗೆರೆಯಕ್ಕ. "ನಿಮ್ಮ ಕಡೆಯ ಲೆಕ್ಕದಲ್ಲಿ ಎಷ್ಟು ಏರಿದೆ?"

ಡಾಕ್ಟರು ಮೇಜಿನ ಮೇಲೆ ಬಿದ್ದಿದ್ದ ಗೆರೆಯ ಬಾಲದ ಮೇಲೆ ಬೆರಳಿಟ್ಟರು.

"ಎರಡೂವರೆ" ಎಂದರು.

"ಎರಡೂ ಒಂದೇ ಎರಡೂವರೆ."

ನಾನು ತಂತಿ ಬಿಚ್ಚಿ ಇನ್ನೊಮ್ಮೆ ಕಟ್ಟಿದೆ. ಡಾಕ್ಟರ ಮುಖದಲ್ಲಿ ಹನ್ನೆರಡು ವರ್ಷದ ಹಿಂದಿನ ಹುಡುಗು ಮುಖ ಒಂದು ಗಳಿಗೆ ಬಂದು ಹೋಯಿತು. ಕೆಟ್ಟ ಮನುಷ್ಯ ಅಲ್ಲ ಆತ. ತಾವೇ ಎದ್ದು ಹಳೆಯ ಸುರುಳಿಯನ್ನು ದೀಪಕ್ಕೆ ಹಾಕಿ, ಪಟ್ಟಿಯಿಟ್ಟು, ಎಳೆ ಹುರಿಯಾಗುವುದನ್ನು ಕೊನೆಯ ತನಕ ನೋಡಿದರು. ಆಮೇಲೆ, ಹಾಗಾದರೆ ಸುಲಭದ ದಾರಿ ಇದೆ, ವರ್ಷಕ್ಕೆ ಇಷ್ಟು ಕುಗ್ಗಿತು ಎಂದು ಸಮನಾಗಿ ಹಂಚಿ ಕಂಪ್ಯೂಟರಿಗೆ ಹೇಳಿದರೆ ಒಂದು ಮಧ್ಯಾಹ್ನದಲ್ಲಿ ಎಲ್ಲ ಅಂಕಿಯನ್ನೂ ತಿದ್ದಿ ಕೊಡುತ್ತದೆ ಎಂದರು.

ಗೆರೆಯಕ್ಕ ಒಪ್ಪಲಿಲ್ಲ. ಪಟ್ಟಿ ಸಮನಾಗಿ ಕುಗ್ಗಿತು ಎಂದು ಯಾರು ಕಂಡವರು. ದೊಡ್ಡ ಬಲ್ಬು ಹಾಕಿದ ವರ್ಷ ಹೆಚ್ಚು ಕುಗ್ಗಿರಬಹುದು. ಸೂರು ಸೋರಿ ಕೋಣೆಯೆಲ್ಲ ತೇವವಾದ ವರ್ಷ ಕುಗ್ಗದೆಯೂ ಇರಬಹುದು. ಸಮನಾಗಿ ಹಂಚುವುದು ಅಂದಾಜು ಬರೆಯುವುದಕ್ಕೆ ಸಮ. ಫಿಲ್ಮುಗಳು ಇವೆ, ಫಿಲ್ಮು ಕುಗ್ಗಿಲ್ಲ, ಮೊದಲ ಗೆರೆಯಿಂದ ಚೌಕಟ್ಟಿನ ಅಂಚಿನ ತನಕ ಅಳೆದು ನೋಡಿದ್ದೇನೆ. ಹೊಸ ಪಟ್ಟಿ ಇಟ್ಟು ಒಂದೊಂದನ್ನೂ ಮತ್ತೆ ಓದಬೇಕು. ಇದು ಆಕೆಯ ಮಾತಿನ ಸಾರಾಂಶ.

ಚಿತ್ರ ಎಷ್ಟು ಎಂದು ಡಾಕ್ಟರು ಕೇಳಿದರು. ಒಂದು ಲಕ್ಷ ಐವತ್ತೇಳು ಸಾವಿರ ಎಂದಳು, ಮೇಲಿನ ಚಿಲ್ಲರೆ ಬಿಟ್ಟು. ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮೂರು ಜನ ಸಹಾಯಕರನ್ನು ಕಳಿಸುತ್ತೇನೆ, ಎಲ್ಲರೂ ಓದಿದವರು, ಆರು ತಿಂಗಳಲ್ಲಿ ಮುಗಿಯುತ್ತದೆ ಎಂದರು. ಆಕೆ ಅದಕ್ಕೂ ತಲೆಯಾಡಿಸಲಿಲ್ಲ. ಒಬ್ಬರ ಕಣ್ಣು ಬಾಲದ ನಡುವನ್ನು ನೋಡುತ್ತದೆ, ಇನ್ನೊಬ್ಬರದು ಅಂಚನ್ನು ನೋಡುತ್ತದೆ. ಈಗ ಇರುವುದು ಪಟ್ಟಿಯ ತಪ್ಪೊಂದೇ, ಅದರ ಮೇಲೆ ಮೂರು ಜನರ ಕಣ್ಣಿನ ತಪ್ಪು ಹೇರಿದರೆ ಬಿಡಿಸುವವರು ಯಾರು ಎಂದು ಕೇಳಿದಳು.

ಎದ್ದು ನಿಂತ ಮೇಲೆ ಡಾಕ್ಟರು ಒಂದು ಮಾತು ಕೇಳಿದರು. ತಿದ್ದಿದ ಅಂಕಿಯ ಪಕ್ಕದಲ್ಲಿ ಹಳೆಯ ಅಂಕಿ ಏಕೆ ತಪ್ಪಾಯಿತು ಎಂದು ಅಕ್ಷರ ಹಾಕಬೇಕಲ್ಲ, ಯಂತ್ರದ ದೋಷ ಎಂಬ ಅಕ್ಷರ ಹಾಕಿಬಿಡಿ, ಯಾರಿಗೂ ನೋವಾಗುವುದಿಲ್ಲ ಎಂದರು.

"ಯಂತ್ರ ಏನು ಮಾಡಿತ್ತು ಪಾಪ?" ಎಂದಳು ಗೆರೆಯಕ್ಕ. "ಓದಿದವರ ತಪ್ಪು ಅನ್ನೋದಕ್ಕೆ ಅಕ್ಷರ ಯಾವುದು?"

"ಅಂಥ ಅಕ್ಷರ ಇಲ್ಲ. ಪ್ರಪಂಚದ ಪಟ್ಟಿಯಲ್ಲೇ ಇಲ್ಲ."

"ಅಂದ್ರೆ ಪ್ರಪಂಚದಲ್ಲಿ ಇಲ್ಲೀ ತನಕ ಯಾವ ಓದುಗರೂ ತಪ್ಪು ಮಾಡಿಲ್ಲ?"

ಡಾಕ್ಟರು ಈ ಪ್ರಶ್ನೆಯನ್ನು ತಮ್ಮ ಜೊತೆಯಲ್ಲೇ ತೆಗೆದುಕೊಂಡು ಹೋದರು. ವಾರದ ಮೇಲೆ ಅವರ ಕೈಬರಹದ ಕಾಗದ ಬಂತು. ಮಹಾಸಂಪುಟದಲ್ಲಿ ಹದಿನೆಂಟು ವರ್ಷದ ಜಾಗವನ್ನು ಅಳಿಸುವುದಿಲ್ಲ, ಮುಂದಿನ ಭಾಗಕ್ಕೆ ಕಾದಿರಿಸಲಾಗಿದೆ. ನಿವೃತ್ತಿಯ ನಂತರವೂ ಮೂರನೆಯ ಕೋಣೆಯ ಬೀಗದ ಕೈ ಗೆರೆಯಕ್ಕನ ಹತ್ತಿರವೇ ಇರಲಿ. ಕೊನೆಯಲ್ಲಿ, ತಮ್ಮ ಪ್ರಬಂಧದ ಪ್ರತಿಗಳಿಗೆಲ್ಲ ಒಂದು ಚೀಟಿ ಅಂಟಿಸಿರುವುದಾಗಿ ತಿಳಿಸಿದ್ದರು. ಅದರ ಒಂದು ನಕಲೂ ಇತ್ತು. ಮೂರನೆಯ ಅಧ್ಯಾಯವನ್ನು ಮರು ಓದು ಮುಗಿಯುವ ತನಕ ನಂಬಬೇಡಿ ಎಂದು ಅದರಲ್ಲಿ ಅಚ್ಚಾಗಿತ್ತು. ಗೆರೆಯಕ್ಕ ಕಾಗದವನ್ನು ಎರಡು ಸಲ ಓದಿ, ಹುಡುಗ ಎಡಗಡೆಯ ಬಾಲವನ್ನೇ ಓದಿದ್ದಾನೆ ಎಂದಳು. ಆಕೆಯ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಹೊಸ ಪಟ್ಟಿಯನ್ನು ಗಾಜಿನಲ್ಲಿ ಮಾಡಿದೆವು. ಅಂಗಳದಲ್ಲಿ ಬಿದ್ದಿದ್ದ ಹಳೆಯ ಕಿಟಕಿಯ ಗಾಜನ್ನು ನಾನು ಕತ್ತರಿಸಿ ಅಂಚು ಉಜ್ಜಿ ಕೊಟ್ಟೆ. ಆಕೆ ಅದನ್ನು ಹಳೆಯ ಫಿಲ್ಮಿನ ಚಿತ್ರದ ಮೇಲೆ ಇಟ್ಟು, ಮೈಲಿಗಲ್ಲುಗಳ ಮೇಲೆಯೇ, ಉಕ್ಕಿನ ಮೊನೆಯಿಂದ ಒಂದೊಂದಾಗಿ ಗೆರೆ ಕೊರೆದಳು. ಪ್ರತಿ ತಿಂಗಳ ಮೊದಲ ದಿನ ಬೆಳಿಗ್ಗೆ ಆ ಗಾಜನ್ನು ಹಳೆಯ ಫಿಲ್ಮಿನ ಮೇಲೆ ಇಟ್ಟು ಪರೀಕ್ಷೆ ಮಾಡಿ ರುಜು ಹಾಕುತ್ತಾಳೆ. ಗಾಜು ಕುಗ್ಗುವುದಿಲ್ಲ ಎಂದು ನಾನು ಒಮ್ಮೆ ಹೇಳಿ ಬೈಸಿಕೊಂಡೆ.

ನಿವೃತ್ತಿಯ ದಿನ ಹಾರ, ಭಾಷಣ ಎಲ್ಲ ಆಯಿತು. ಮರುದಿನ ಎಂಟೂವರೆಗೆ ಆಕೆ ಎಂದಿನಂತೆ ಬಂದಳು. ಪಕ್ಕದ ಕೋಣೆಯಲ್ಲಿ ಹೊಸ ಯಂತ್ರ ತಾನೇ ಕೂಗಿ ತಾನೇ ಓದಿಕೊಳ್ಳುತ್ತಿತ್ತು. ಈಕೆ ಈ ಕೋಣೆಯಲ್ಲಿ ಹದಿನೆಂಟು ವರ್ಷದ ಹಿಂದಿನ ಆಕಾಶವನ್ನು ಓದಲು ಶುರುಮಾಡಿದಳು. ಹಳೆಯ ಅಂಕಿಯನ್ನು ಅಳಿಸುವುದಿಲ್ಲ. ಅದರ ಮೇಲೆ ಒಂದೇ ಒಂದು ಅಡ್ಡಗೆರೆ, ಕೆಳಗಿನ ಅಂಕಿ ಕಾಣುವ ಹಾಗೆ. ಪಕ್ಕದಲ್ಲಿ ಹೊಸ ಅಂಕಿ. ಅದರ ಪಕ್ಕ ಸಣ್ಣದಾಗಿ ಒಂದು 'ನ'. ಪ್ರಪಂಚದ ಪಟ್ಟಿಯಲ್ಲಿ ಇಲ್ಲದ ಅಕ್ಷರ ಇದು. ಪುಸ್ತಕದ ಮೊದಲ ಪುಟದಲ್ಲಿ ಅರ್ಥ ಬರೆದಿದ್ದಾಳೆ: ನಾನು. ಮುಖ್ಯ ಕಚೇರಿಯವರು ಆಕ್ಷೇಪ ಎತ್ತಿಲ್ಲ, ಒಪ್ಪಿಗೆಯನ್ನೂ ಕೊಟ್ಟಿಲ್ಲ.

ಇದು ಎರಡನೆಯ ವರ್ಷ. ಹತ್ತು ವರ್ಷದ ಸುರುಳಿಗಳು ಮುಗಿದಿವೆ. ಇಲ್ಲಿಯ ತನಕ ಆಕಾಶ ಏರಿಲ್ಲ, ಇಳಿದೂ ಇಲ್ಲ. ಎಲ್ಲ ಊರುಗಳ ಆಕಾಶದ ಹಾಗೆಯೇ ಇದೆ. ಕಂಬದ ಪಕ್ಕ ಫೋಟೋ ತೆಗೆಸಿಕೊಳ್ಳಲು ಈಗ ಯಾರೂ ಬರುವುದಿಲ್ಲ. ತಂಗಿಯ ಚೀಲದಲ್ಲಿ ಈಗ ಗಾಜಿನ ಪಟ್ಟಿ ಇರುತ್ತದೆ, ಅದು ಅಲ್ಲಾಡುವುದಿಲ್ಲ. ಕುಗ್ಗಿದ ಪಟ್ಟಿಯನ್ನು ಗೆರೆಯಕ್ಕ ಎದುರಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದಾಳೆ, ತಲೆಯೆತ್ತಿದರೆ ಕಾಣುವ ಹಾಗೆ.

ಹೋದ ತಿಂಗಳು ಆಕೆಯ ಎಡಗಣ್ಣಿಗೆ ಪೊರೆ ಬಂತು. ಓದುವುದು ಬಲಗಣ್ಣಿನಲ್ಲಿ, ಆದ್ದರಿಂದ ಓದಿಗೆ ತೊಂದರೆಯಿಲ್ಲ. ಆದರೆ ದೀಪದಿಂದ ಪುಸ್ತಕಕ್ಕೆ, ಪುಸ್ತಕದಿಂದ ದೀಪಕ್ಕೆ ಕಣ್ಣು ಹೊರಳಿಸುವಾಗ ಸಾಲು ತಪ್ಪುತ್ತದೆ, ಬೆರಳಿಟ್ಟು ಹುಡುಕಿಕೊಳ್ಳಬೇಕು. ದಿನಕ್ಕೆ ನಾನೂರು ಚಿತ್ರ ಓದುತ್ತಿದ್ದವಳು ಇನ್ನೂರೈವತ್ತಕ್ಕೆ ಇಳಿದಿದ್ದಳು. ನಾನೂ ಈಗ ನಿವೃತ್ತ, ಕಂಬಕ್ಕೆ ಬೇರೆಯವನು ಹತ್ತುತ್ತಾನೆ, ಸರಿಯಾಗಿ ಹತ್ತುವುದಿಲ್ಲ. ಆದ್ದರಿಂದ ಬೆಳಿಗ್ಗೆ ಎಂಟೂವರೆಗೆ ನಾನೂ ಹೋಗಿ ಆಕೆಯ ಕೋಣೆಯ ಬಾಗಿಲಲ್ಲಿ ನಿಂತೆ. ಓದುವುದು ನೀವೇ ಓದಿ ಅಕ್ಕ, ಬಾಯಲ್ಲಿ ಅಂಕಿ ಹೇಳಿ ಸಾಕು, ನಾನು ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತೇನೆ, ನನ್ನ ಅಕ್ಷರ ದುಂಡಗಿದೆ ಎಂದು ನೀವೇ ಎಷ್ಟೋ ಸಲ ಹೇಳಿದ್ದೀರಿ ಎಂದೆ.

ಗೆರೆಯಕ್ಕ ದೀಪದಿಂದ ತಲೆಯೆತ್ತಲಿಲ್ಲ. ಗಾಜಿನ ಪಟ್ಟಿಯನ್ನು ಮುಂದಿನ ಬಾಲಕ್ಕೆ ಸರಿಸಿ, ಅಂಕಿ ಬರೆದು, ಪಕ್ಕದಲ್ಲಿ ಅಕ್ಷರ ಹಾಕಿ, ಆಮೇಲೆ ಹೇಳಿದಳು:

"ನೀವು ಬರೆದ ಅಂಕಿಯ ಪಕ್ಕ ನಾನು 'ನಾನು' ಅಂತ ಹೇಗೆ ಹಾಕ್ಲಿ ಕಂಬದಣ್ಣ? ಬೇಡ. ನೀವು ಮನೆಗೆ ಹೋಗಿ. ಹೋಗ್ತಾ ಬಾಗಿಲು ಎಳ್ಕೊಂಡು ಹೋಗಿ, ಬೆಳಕು ಬರ್ತಿದೆ."